ಎಣ್ಣೆ ಕಮಟು ಹಿಡಿದಾಗ



ಅಡುಗೆಮನೆಯಲ್ಲಿ ಕೆಡುವ ಪದಾರ್ಥಗಳಿಗೆ ಲೆಕ್ಕವಿಲ್ಲ. ಆದರೆ ಎಲ್ಲವೂ ಒಂದೇ ರೀತಿ ಕೆಡುವುದಿಲ್ಲ ಎಂಬುದನ್ನು ನಮ್ಮ ಹಿರಿಯ ಹೆಂಗಸರು ಬಹಳ ಹಿಂದೆಯೇ ವಿಂಗಡಿಸಿ ಇಟ್ಟಿದ್ದಾರೆ. ಅನ್ನ ಹಳಸುತ್ತದೆ. ಹಾಲು ಒಡೆಯುತ್ತದೆ. ಹಣ್ಣು ಕೊಳೆಯುತ್ತದೆ. ಉಪ್ಪಿನಕಾಯಿಗೆ ಬೂಷ್ಟು ಬರುತ್ತದೆ, ಮಳೆಗಾಲದಲ್ಲಿ ಹಿಟ್ಟಿಗೆ ಮುಗ್ಗಲು ವಾಸನೆ. ಎಣ್ಣೆ, ತುಪ್ಪ, ಕೊಬ್ಬರಿ, ಕಡಲೆಕಾಯಿ ಬೀಜ, ಇವು ಮಾತ್ರ ಕಮಟು ಹಿಡಿಯುತ್ತವೆ. ಅನ್ನ ಕಮಟಾಯಿತು ಎಂದು ಯಾರೂ ಅನ್ನುವುದಿಲ್ಲ. ಇಂಗ್ಲಿಷಿನವರು ಇದೇ ಕೆಡುಕಿಗೆ ರ‍್ಯಾನ್ಸಿಡ್ ಎನ್ನುತ್ತಾರೆ. ನಾರುವುದು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ 17ನೆಯ ಶತಮಾನದಲ್ಲಿ ಆ ಭಾಷೆಗೆ ಬಂದ ಮಾತದು. ಮನಸ್ಸಿನಲ್ಲೇ ಇಟ್ಟುಕೊಂಡು ಹಳೆಯದಾದ ಹಗೆಗೆ ಅವರು ಹೇಳುವ ರ‍್ಯಾಂಕರ್ ಎಂಬ ಮಾತೂ ಅದೇ ಬೇರಿನದು. ನಮ್ಮ ದೇಶದ ಆಹಾರ ನಿಯಮಗಳಲ್ಲಿ ಖಾದ್ಯ ತೈಲಗಳ ವಿವರಣೆ ಓದಿದರೆ ಈ ಮಾತು ಮತ್ತೆ ಮತ್ತೆ ಎದುರಾಗುತ್ತದೆ: ಎಣ್ಣೆ ತಿಳಿಯಾಗಿರಬೇಕು, ಕಮಟಿರಬಾರದು, ಅದರಲ್ಲಿ ನೀರು ಬೇರ್ಪಟ್ಟು ನಿಂತಿರಬಾರದು. ಮಾತಿನ ವಿಚಾರ ಇಷ್ಟು ಸಾಕು. ಆ ಮಾತಿನ ಹಿಂದೆ ಎಣ್ಣೆಯೊಳಗೆ ಏನು ನಡೆಯುತ್ತದೆ ಅನ್ನುವುದೇ ಹೆಚ್ಚು ಸ್ವಾರಸ್ಯ.

ಅನ್ನ ಹಳಸುವುದು ಕಣ್ಣಿಗೆ ಕಾಣದ ಜೀವಿಗಳಿಂದ. ಆ ಜೀವಿಗಳಿಗೆ ನೀರು ಬೇಕು. ಒಳ್ಳೆಯ ಎಣ್ಣೆಯಲ್ಲಿ, ಹದವಾಗಿ ಕಾಯಿಸಿದ ತುಪ್ಪದಲ್ಲಿ ನೀರಿನ ಪಸೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅಲ್ಲಿ ಅವು ಬೆಳೆಯಲಾರವು. ಆದರೂ ಎಣ್ಣೆ ಕೆಡುತ್ತದೆ. ಅದನ್ನು ಕೆಡಿಸುವುದು ಗಾಳಿ, ಬೆಳಕು, ಬಿಸಿ, ಲೋಹ, ಇವುಗಳ ಜತೆಗೆ ಎಲ್ಲೋ ಉಳಿದುಕೊಂಡ ಒಂದಿಷ್ಟು ತೇವ. ಆದ್ದರಿಂದಲೇ ಉಳಿದ ಸಾರಿಗೆ ಮಾಡುವ ಉಪಾಯವನ್ನು ಎಣ್ಣೆಗೆ ಮಾಡಿದರೆ ಪ್ರಯೋಜನವಿಲ್ಲ. ಸಾರನ್ನು ಮರುದಿನ ಕುದಿಸಿ ಉಳಿಸಿಕೊಳ್ಳಬಹುದು. ಕಮಟು ಎಣ್ಣೆಯನ್ನು ಕಾಯಿಸಿದಷ್ಟೂ ಕಮಟು ಹೆಚ್ಚುತ್ತದೆ.

ಎಣ್ಣೆಯಾಗಲಿ ತುಪ್ಪವಾಗಲಿ, ಅದರ ಒಂದೊಂದು ಕಣದಲ್ಲೂ ಒಂದು ಗ್ಲಿಸರಿನ್ ತುಂಡಿಗೆ ಮೂರು ಕೊಬ್ಬಿನಾಮ್ಲಗಳು ಅಂಟಿಕೊಂಡಿರುತ್ತವೆ. ನೀರು ಬಂದು ಈ ಬೆಸುಗೆಯನ್ನು ಬಿಡಿಸಿ ಆಮ್ಲಗಳನ್ನು ಹೊರಗೆ ಹಾಕುವುದು ಕೆಡುವ ಒಂದು ಬಗೆ. ಬೆಣ್ಣೆ ಕೆಡುವುದು ಹೆಚ್ಚಾಗಿ ಹೀಗೆಯೇ. ಬೆಣ್ಣೆಯಲ್ಲಿ ನೂರಕ್ಕೆ ಹದಿನಾರು ಪಾಲಿನವರೆಗೆ ನೀರಿರಬಹುದು, ಕಾನೂನೂ ಅಷ್ಟಕ್ಕೆ ಒಪ್ಪುತ್ತದೆ. ಅದರಲ್ಲಿರುವ ಆಮ್ಲಗಳಲ್ಲಿ ತೀರ ಗಿಡ್ಡನೆಯ ಒಂದು ಆಮ್ಲವಿದೆ. ಗ್ಲಿಸರಿನ್ನಿಗೆ ಅಂಟಿಕೊಂಡಿರುವಷ್ಟು ಹೊತ್ತು ಅದಕ್ಕೆ ವಾಸನೆಯಿಲ್ಲ, ಬಿಡಿಸಿಕೊಂಡು ಹೊರಬಂದರೆ ವಾಂತಿಯ ವಾಸನೆ. ಇದನ್ನು 19ನೆಯ ಶತಮಾನದ ಆರಂಭದಲ್ಲಿ ಬೇರ್ಪಡಿಸಿ ತೋರಿಸಿದವರು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಿಶೆಲ್ ಯೂಜೀನ್ ಶೆವ್ರೂಲ್. ಬೆಣ್ಣೆಯ ಲ್ಯಾಟಿನ್ ಹೆಸರಿನಿಂದಲೇ ಅದಕ್ಕೆ ಬ್ಯುಟಿರಿಕ್ ಆಮ್ಲ ಎಂದು ಹೆಸರಾಯಿತು. ಅದರ ಹಿಂದೆಯೇ ಸಿಕ್ಕ ಇನ್ನೆರಡು ಆಮ್ಲಗಳಿಗೆ ಆಡಿನ ಹೆಸರು ಬಂತು, ವಾಸನೆ ಹಾಗಿತ್ತು! ಕೊಬ್ಬಿನ ಮೇಲಿನ ಅವರ ದೊಡ್ಡ ಗ್ರಂಥ 1823ರಲ್ಲಿ ಪ್ರಕಟವಾಯಿತು. ವರ್ಷಗಟ್ಟಲೆ ಕಮಟಿನ ನಡುವೆ ಕಳೆದ ಈ ಮನುಷ್ಯ 1786ರಲ್ಲಿ ಹುಟ್ಟಿ 1889ರವರೆಗೆ ಬಾಳಿದರು.

ಬೆಣ್ಣೆಯನ್ನು ನಾವು ತುಪ್ಪವಾಗಿ ಕಾಯಿಸುವುದರ ಗುಟ್ಟು ಇಲ್ಲಿದೆ. ಒಲೆಯ ಮೇಲಿಟ್ಟ ಬೆಣ್ಣೆ ಮೊದಲು ಕರಗಿ, ಆಮೇಲೆ ಚಟಪಟ ಸದ್ದು ಮಾಡುತ್ತದಲ್ಲ, ಅದು ನೀರು ಹೊರಗೆ ಹೋಗುವ ಸದ್ದು. ಸದ್ದು ನಿಂತು, ನೊರೆ ಇಳಿದು, ತಳದ ಗಸಿ ಕೆಂಪಗಾಗುವ ಹೊತ್ತಿಗೆ ನೀರು ಮುಗಿದಿರುತ್ತದೆ. ಅವಸರಪಟ್ಟು ಸದ್ದು ನಿಲ್ಲುವ ಮೊದಲೇ ಇಳಿಸಿದವರ ತುಪ್ಪ ಬೇಗ ಕೆಡುತ್ತದೆ. ಗಸಿ ಕೆಂಪಗಾಗಲು ಬಿಡುವುದರಿಂದ ಇನ್ನೊಂದು ಲಾಭವುಂಟು: ತುಪ್ಪವನ್ನು ಗಾಳಿಯಿಂದ ಕಾಯುವ ಕೆಲವು ದ್ರವ್ಯಗಳು ಆ ಬಿಸಿಯಲ್ಲಿ ಗಸಿಯಿಂದ ತುಪ್ಪಕ್ಕೆ ಇಳಿದುಬರುತ್ತವೆ. ಆದರೆ ಎಷ್ಟೇ ಹದವಾಗಿ ಕಾಯಿಸಿದರೂ ಒಂದು ಮಾತು ನೆನಪಿರಲಿ. ಹದಿನೈದು ದಿನ ಕೂಡಿಹಾಕಿ ಆಗಲೇ ವಾಸನೆ ತಿರುಗಿದ ಬೆಣ್ಣೆಯಿಂದ ಒಳ್ಳೆಯ ತುಪ್ಪ ಬರುವುದಿಲ್ಲ. ಕಾಯಿಸುವಾಗ ಹಾಕುವ ಕರಿಬೇವಿನ ಘಮ ವಾಸನೆಯನ್ನು ಮುಚ್ಚಬಹುದು, ಕಮಟನ್ನು ತೆಗೆಯಲಾರದು.

ತೆಂಗಿನ ವಿಚಾರ ಸ್ವಲ್ಪ ಬೇರೆ. ಕೊಬ್ಬರಿ ಎಣ್ಣೆಯಲ್ಲಿ ನೂರಕ್ಕೆ ತೊಂಬತ್ತರಷ್ಟು ಪರ್ಯಾಪ್ತ ಕೊಬ್ಬು, ಅಂದರೆ ಸರಪಣಿಯಲ್ಲಿ ಸಡಿಲ ಕೊಂಡಿಗಳಿಲ್ಲದ ಕೊಬ್ಬು. ಗಾಳಿ ಅದನ್ನು ಸುಲಭವಾಗಿ ಮುಟ್ಟಲಾರದು. ಅದಕ್ಕೆ ಶತ್ರು ತೇವ, ತೇವ ಇದ್ದಲ್ಲಿಗೆ ಬರುವ ಬೂಷ್ಟು. ತಿಪಟೂರು ಸೀಮೆಯವರು ಉಂಡೆ ಕೊಬ್ಬರಿ ಮಾಡುವ ಕ್ರಮವನ್ನು ನೋಡಿ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹರವಿ, ಹತ್ತು ಹನ್ನೊಂದು ತಿಂಗಳು ಅಲುಗಾಡಿಸದೆ ಬಿಡುತ್ತಾರೆ. ಒಳಗಿನ ನೀರು ನಿಧಾನವಾಗಿ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಕಾಯನ್ನು ಕಿವಿಯ ಹತ್ತಿರ ಹಿಡಿದು ಕುಲುಕಿದರೆ ಲೊಡಲೊಡ ಎನ್ನಬೇಕು. ಆಮೇಲೆಯೇ ಸುಲಿಯುವುದು. ತೇವ ನೂರಕ್ಕೆ ಆರೇಳಕ್ಕೆ ಇಳಿದ ಕೊಬ್ಬರಿಯಲ್ಲಿ ಬೂಷ್ಟಿಗೆ ನೆಲೆಯಿಲ್ಲ. ಅವಸರದಲ್ಲಿ ಹೋಳು ಮಾಡಿ, ಮೋಡದ ದಿನ ಅರೆಬರೆ ಒಣಗಿಸಿದ ಕೊಬ್ಬರಿ ಹಾಗಲ್ಲ. ಅದನ್ನು ತುರಿದು ಹೋಳಿಗೆಯ ಹೂರಣಕ್ಕೆ ಹಾಕಿದರೆ ನಾಲಗೆಯ ಮೇಲೆ ಸೋಪಿನ ರುಚಿ ನಿಲ್ಲುತ್ತದೆ. ಅದು ಬರಿಯ ಭ್ರಮೆಯಲ್ಲ. ತೆಂಗಿನ ಮುಖ್ಯ ಆಮ್ಲವಾದ ಲಾರಿಕ್ ಆಮ್ಲ ಸಾಬೂನಿಗೆ ಹೇಳಿ ಮಾಡಿಸಿದ್ದು, ಬಿಡಿಯಾಗಿ ಹೊರಬಂದಾಗ ನಾಲಗೆ ಅದನ್ನು ಗುರುತಿಸುತ್ತದೆ, ಅಷ್ಟೆ.

ಉತ್ತರ ಕರ್ನಾಟಕದ ಕೇಳುಗರಿಗೆ ಇನ್ನೊಂದು ಉದಾಹರಣೆ ಚೆನ್ನಾಗಿ ಗೊತ್ತು. ಜೋಳದ ಹಿಟ್ಟನ್ನು ಸ್ವಲ್ಪ ಹೆಚ್ಚು ದಿನ ಇಟ್ಟರೂ ನಡೆಯುತ್ತದೆ, ಸಜ್ಜೆ ಹಿಟ್ಟು ಹಾಗಲ್ಲ. "ಸಜ್ಜಿ ಹೆಚ್ಚಿಗಿ ಬೀಸಿಸಬ್ಯಾಡ, ನಾಕ ದಿನಕ್ಕ ಆಗೂವಷ್ಟ ಸಾಕು" ಎಂದು ಗಿರಣಿಗೆ ಹೊರಟವರಿಗೆ ಅತ್ತೆ ಹೇಳಿ ಕಳಿಸುವುದು ಸುಮ್ಮನೆ ಅಲ್ಲ. ಸಜ್ಜೆ ಕಾಳಿನಲ್ಲಿ ನೂರಕ್ಕೆ ಐದರ ಆಸುಪಾಸು ಕೊಬ್ಬಿದೆ, ಆ ಕೊಬ್ಬನ್ನು ಸೀಳುವ ಲೈಪೇಸ್ ಎಂಬ ಕಿಣ್ವವೂ ಅದೇ ಕಾಳಿನಲ್ಲಿದೆ. ಕಾಳು ಇಡಿಯಾಗಿರುವಾಗ ಎರಡೂ ಬೇರೆ ಬೇರೆ ಕೋಣೆಗಳಲ್ಲಿರುತ್ತವೆ. ಗಿರಣಿಯ ಕಲ್ಲು ಗೋಡೆ ಒಡೆದು ಎರಡನ್ನೂ ಕೂಡಿಸಿಬಿಡುತ್ತದೆ. ಕೆಲವೇ ದಿನಗಳಲ್ಲಿ ಹಿಟ್ಟು ಕಹಿ. ಅದೇ ಹಿಟ್ಟನ್ನು ಎಳ್ಳು ಹಚ್ಚಿದ ಕಟಕಟ ರೊಟ್ಟಿ ಮಾಡಿ ಇಟ್ಟರೆ ವಾರಗಟ್ಟಲೆ ಚೆನ್ನಾಗಿರುತ್ತದೆ, ಏಕೆಂದರೆ ಹಂಚಿನ ಬಿಸಿಗೆ ಕಿಣ್ವ ಸತ್ತಿರುತ್ತದೆ, ನೀರೂ ಹೋಗಿರುತ್ತದೆ. ಅಕ್ಕಿ ಗಿರಣಿಯ ತೌಡಿನದೂ ಇದೇ ಕತೆ. ಅಕ್ಕಿಯಿಂದ ಬೇರೆಯಾದ ಗಳಿಗೆಯಿಂದಲೇ ತೌಡು ಕೆಡತೊಡಗುತ್ತದೆ. ಕೂಡಲೇ ಬಿಸಿ ಮಾಡಿ ಕಿಣ್ವವನ್ನು ಕೊಲ್ಲದಿದ್ದರೆ ಅದರಿಂದ ತಿನ್ನುವ ಎಣ್ಣೆ ತೆಗೆಯುವುದು ಕಷ್ಟ. ಬಹಳ ಕಾಲ ತೌಡು ದನದ ಕಲಗಚ್ಚಿಗೆ ಮಾತ್ರ ಹೋಗುತ್ತಿದ್ದುದಕ್ಕೆ ಇದೂ ಒಂದು ಕಾರಣ.

ಇನ್ನು ಗಾಳಿಯಿಂದ ಬರುವ ಕಮಟು. ನಮ್ಮ ಪೇಟೆಯ ಅಡುಗೆ ಎಣ್ಣೆಗಳಿಗೆ ಬರುವುದು ಹೆಚ್ಚಾಗಿ ಇದೇ. ಕೊಬ್ಬಿನಾಮ್ಲದ ಸರಪಣಿಯಲ್ಲಿ ಜೋಡಿ ಕೊಂಡಿಗಳಿರುವ ಕಡೆ ಅದು ಸಡಿಲ. ಬೆಳಕು, ಬಿಸಿ ಅಥವಾ ತಾಮ್ರದ ಒಂದು ಕಣ ಅಲ್ಲಿ ಚುಚ್ಚಿದರೆ ಆಮ್ಲಜನಕ ನುಗ್ಗುತ್ತದೆ. ನುಗ್ಗಿಸಿಕೊಂಡ ಕಣ ಸುಮ್ಮನಿರದೆ ಪಕ್ಕದ ಕಣವನ್ನು ಕೆಡಿಸುತ್ತದೆ, ಅದು ಅದರ ಪಕ್ಕದ್ದನ್ನು. ಹುಲ್ಲಿನ ಬಣವೆಗೆ ಒಂದು ಮೂಲೆಯಲ್ಲಿ ಕಿಡಿ ಬಿದ್ದ ಹಾಗೆ. ಮೊದಮೊದಲು ಹುಟ್ಟುವ ಪೆರಾಕ್ಸೈಡುಗಳಿಗೆ ವಾಸನೆಯೇ ಇಲ್ಲ. ವಾರಗಟ್ಟಲೆ ಎಣ್ಣೆ ಒಳಗೊಳಗೇ ಕೆಡುತ್ತಿದ್ದರೂ ಮೂಗಿಗೆ ಸುಳಿವು ಸಿಗುವುದಿಲ್ಲ. ಪ್ರಯೋಗಾಲಯದಲ್ಲಿ ಪೆರಾಕ್ಸೈಡ್ ಅಂಕ ಎಂದು ಅಳೆಯುವುದು ಈ ಗುಪ್ತ ಕೆಡುಕನ್ನೇ. ಆ ಪೆರಾಕ್ಸೈಡುಗಳು ಮುರಿದು ಚಿಕ್ಕ ಆಲ್ಡಿಹೈಡುಗಳಾದಾಗ ಕಮಟು ಒಮ್ಮೆಲೇ ಮೂಗಿಗೆ ಬಡಿಯುತ್ತದೆ. ನಿನ್ನೆ ಚೆನ್ನಾಗಿತ್ತು, ಇವತ್ತು ನೋಡಿದರೆ ಹೀಗೆ ಎಂದು ಅಂಗಡಿಯವನ ಜತೆ ಜಗಳಕ್ಕೆ ನಿಲ್ಲುತ್ತೇವಲ್ಲ, ಆ ಕೆಡುಕು ಎಂದೋ ಶುರುವಾಗಿದ್ದು.

ಜೋಡಿ ಕೊಂಡಿಗಳು ಹೆಚ್ಚಿದಷ್ಟೂ ಗಾಳಿಗೆ ದಾರಿ ಹೆಚ್ಚು. ಕಡಲೆಕಾಯಿ ಎಣ್ಣೆಯಲ್ಲಿ ಸುಮಾರು ಅರ್ಧದಷ್ಟಿರುವ ಓಲಿಯಿಕ್ ಆಮ್ಲಕ್ಕೆ ಕೊಂಡಿ ಒಂದೇ ಜೋಡಿ. ಸೂರ್ಯಕಾಂತಿಯಲ್ಲೂ ಹುಚ್ಚೆಳ್ಳಿನಲ್ಲೂ ಹೆಚ್ಚಾಗಿರುವ ಲಿನೋಲಿಯಿಕ್‌ಗೆ ಎರಡು, ಅದು ಓಲಿಯಿಕ್‌ಗಿಂತ ಹತ್ತು ಪಟ್ಟಾದರೂ ಬೇಗ ಕೆಡುತ್ತದೆ. ಅಗಸೆಯಲ್ಲಿ ಅರ್ಧಕ್ಕೂ ಮೇಲಿರುವ ಲಿನೋಲೆನಿಕ್‌ಗೆ ಮೂರು, ಅದರ ಅವಸರ ಇನ್ನೂ ಹೆಚ್ಚು. ಅಗಸೆ ಚಟ್ನಿಪುಡಿಯನ್ನೂ ಹುಚ್ಚೆಳ್ಳಿನ, ಅಂದರೆ ಗುರೆಳ್ಳಿನ, ಚಟ್ನಿಪುಡಿಯನ್ನೂ ಸ್ವಲ್ಪ ಸ್ವಲ್ಪವೇ ಕುಟ್ಟಿಕೊಳ್ಳುವುದು ಇದಕ್ಕಾಗಿಯೇ. ಇತ್ತೀಚೆಗೆ ಆರೋಗ್ಯದ ಹೆಸರಿನಲ್ಲಿ ಅಗಸೆಯನ್ನು ಒಂದೇ ಸಲ ಪುಡಿ ಮಾಡಿ ದೊಡ್ಡ ಡಬ್ಬಿ ತುಂಬಿಟ್ಟುಕೊಂಡು ತಿಂಗಳುಗಟ್ಟಲೆ ತಿನ್ನುವವರಿದ್ದಾರೆ. ಒಳ್ಳೆಯದೆಂದು ತಿನ್ನುವ ಆ ಕೊಬ್ಬಿನಲ್ಲಿ ಒಂದಿಷ್ಟು ಪಾಲು ಆಗಲೇ ಕೆಟ್ಟಿರಬಹುದು.

ಅಗಸೆಯ ಈ ದೌರ್ಬಲ್ಯವನ್ನೇ ಮನುಷ್ಯ ಬೇರೊಂದು ಕಡೆ ಬಂಡವಾಳ ಮಾಡಿಕೊಂಡ. ಗಾಳಿ ಹೀರಿದ ಅಗಸೆ ಎಣ್ಣೆ ಕಮಟಾಗಿ ಅಲ್ಲಿಗೇ ನಿಲ್ಲದೆ, ಕಣಕ್ಕೆ ಕಣ ಹೆಣೆದುಕೊಂಡು ಗಟ್ಟಿ ಪೊರೆಯಾಗುತ್ತದೆ. ಯುರೋಪಿನ ತೈಲಚಿತ್ರಗಳು ಶತಮಾನಗಳ ಕಾಲ ಉಳಿದಿರುವುದು ಈ ಪೊರೆಯಿಂದ. ಕ್ರಿಕೆಟ್ ಬ್ಯಾಟಿಗೆ ಹಚ್ಚುವ ಎಣ್ಣೆಯೂ ಅಗಸೆಯದೇ. ಈ ಕ್ರಿಯೆಯಲ್ಲಿ ಬಿಸಿಯೂ ಹುಟ್ಟುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆಸೆದರೆ ತಾನಾಗಿ ಬೆಂಕಿ ಹತ್ತಿಕೊಳ್ಳುವುದುಂಟು. ಮರಗೆಲಸದವರು, ಬಣ್ಣದವರು ಇದನ್ನು ಕೇಳಿಸಿಕೊಳ್ಳಬೇಕು. ಆ ಪೊರೆಯನ್ನು ನೋಡಲು ಚಿತ್ರಶಾಲೆಗೇ ಹೋಗಬೇಕಾಗಿಲ್ಲ. ನಿಮ್ಮ ಎಣ್ಣೆ ಡಬ್ಬಿಯ ಹೊರಮೈ ಮೇಲೆ ಇಳಿದು ನಿಂತ ಎಣ್ಣೆಯ ಗೆರೆಯನ್ನು ಬೆರಳಿನಿಂದ ಮುಟ್ಟಿ. ಹಳದಿಗಟ್ಟಿ, ಅಂಟಂಟಾಗಿ, ಸೋಪಿಗೂ ಬಗ್ಗದೆ ಕೂತಿರುತ್ತದೆ. ಒಲೆಯ ಹಿಂದಿನ ಗೋಡೆಯ ಜಿಡ್ಡೂ ಅದೇ ಜಾತಿಯದು. ಹಳೆಯ ಡಬ್ಬಿಯನ್ನು ತೊಳೆಯದೆ ಅದಕ್ಕೇ ಹೊಸ ಎಣ್ಣೆ ಸುರಿಯುವವರು ಒಳಗಿನ ಈ ಪೊರೆಯನ್ನೇ ಹೊಸ ಎಣ್ಣೆಗೆ ಹೆಪ್ಪಾಗಿ ಕೊಡುತ್ತಿದ್ದಾರೆ.

ಪ್ರಕೃತಿ ಎಣ್ಣೆಬೀಜಗಳಿಗೆ ಕಾವಲುಗಾರರನ್ನೂ ಕೊಟ್ಟಿದೆ. ಇ ಜೀವಸತ್ವ ಅವರಲ್ಲಿ ಮುಖ್ಯವಾದದ್ದು. 1922ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಇವಾನ್ಸ್ ಮತ್ತು ಬಿಷಪ್ ಇಲಿಗಳ ಮೇಲೆ ಪ್ರಯೋಗ ಮಾಡುತ್ತ ಅದನ್ನು ಕಂಡುಕೊಂಡರು. ಎಳ್ಳೆಣ್ಣೆಗೆ ಇದರ ಜತೆಗೆ ತನ್ನದೇ ಆದ ಸೆಸಮಾಲ್ ಎಂಬ ಕಾವಲು ಇದೆ. ಲಿನೋಲಿಯಿಕ್ ಸಾಕಷ್ಟಿದ್ದರೂ ಎಳ್ಳೆಣ್ಣೆ ತಾಳಿಕೆ ಬರುವುದು ಇದರಿಂದ. ತುಪ್ಪ ಕಾಯಿಸುವಾಗ ಒಂದು ವೀಳ್ಯದೆಲೆ, ಇಲ್ಲವೇ ನುಗ್ಗೆಸೊಪ್ಪು, ಕರಿಬೇವು ಹಾಕುವ ನಮ್ಮ ಪದ್ಧತಿಯೂ ಬರಿಯ ಘಮಕ್ಕಲ್ಲ. ವೀಳ್ಯದೆಲೆ, ಕರಿಬೇವು ತುಪ್ಪದ ಕಮಟನ್ನು ಮುಂದೂಡುತ್ತವೆ ಎಂಬುದನ್ನು ನಮ್ಮ ಡೈರಿ ವಿಜ್ಞಾನಿಗಳು ಪರೀಕ್ಷಿಸಿ ನೋಡಿದ್ದಾರೆ. ಮುಂದೂಡುತ್ತವೆ ಎಂದೆ, ತಡೆಯುತ್ತವೆ ಎನ್ನಲಿಲ್ಲ. ಕಾವಲುಗಾರ ಖರ್ಚಾಗುತ್ತ ಹೋಗುತ್ತಾನೆ. ಖರ್ಚಾದ ಮೇಲೆ ಹಾಕಿದ ಎಲೆಯಿಂದ ಏನೂ ಆಗದು.

ಕಮಟಿಗೆ ಶಾಶ್ವತ ಪರಿಹಾರದಂತೆ ಕಂಡ ಉಪಾಯವೂ ಒಂದು ಬಂತು. ತೊಂದರೆ ಕೊಡುವ ಜೋಡಿ ಕೊಂಡಿಯನ್ನೇ ಜಲಜನಕದಿಂದ ಮುಚ್ಚಿಬಿಡುವ ಕ್ರಮಕ್ಕೆ ಜರ್ಮನಿಯ ವಿಲ್ಹೆಲ್ಮ್ ನಾರ್ಮನ್ 1902ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ತೆಳ್ಳಗಿನ ಎಣ್ಣೆ ತುಪ್ಪದಂತೆ ಗಟ್ಟಿಯಾಯಿತು, ತಿಂಗಳುಗಟ್ಟಲೆ ಕೆಡದೆ ನಿಂತಿತು. ನಮ್ಮ ದೇಶಕ್ಕೆ 1937ರಲ್ಲಿ ಡಾಲ್ಡಾ ವನಸ್ಪತಿ ಬಂತು. ಮದುವೆ ಮನೆಗಳ ಲಾಡು, ಬೇಕರಿಗಳ ಖಾರಾ ಬಿಸ್ಕತ್ತು, ಎಲ್ಲಕ್ಕೂ ವನಸ್ಪತಿಯೇ. ಅರೆಬರೆ ಮುಚ್ಚಿದ ಕೊಂಡಿಗಳು ತಿರುಚಿಕೊಂಡು ಟ್ರಾನ್ಸ್ ಕೊಬ್ಬಾಗುತ್ತವೆ, ಅದು ಹೃದಯಕ್ಕೆ ಕೆಡುಕು ಎಂಬುದು ಬಹಳ ತಡವಾಗಿ ತಿಳಿಯಿತು. 2022ರ ಜನವರಿಯಿಂದ ನಮ್ಮಲ್ಲಿ ಎಣ್ಣೆ ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬು ನೂರಕ್ಕೆ ಎರಡನ್ನು ಮೀರುವಂತಿಲ್ಲ. ಕೆಡದ ಎಣ್ಣೆ ಬೇಕೆಂಬ ಆಸೆಗೆ ಎರಡು ಮೂರು ತಲೆಮಾರು ಬೆಲೆ ತೆತ್ತಿತು ಎನ್ನುವುದು ನನ್ನ ಅಭಿಪ್ರಾಯ.

ಎಲ್ಲ ದೇಶದವರಿಗೂ ಕಮಟು ಅಂದರೆ ಅಸಹ್ಯವೇನಲ್ಲ. ಯುರೋಪಿನ ಹಳೆಯ ಚೀಸುಗಳ ರುಚಿಯಲ್ಲಿ ಶೆವ್ರೂಲ್ ಹಿಡಿದ ಆ ಬ್ಯುಟಿರಿಕ್ ಆಮ್ಲವೇ ಇದೆ. ಮೊರಾಕ್ಕೊದಲ್ಲಿ ಉಪ್ಪು ಹಾಕಿ ಹಳೆಯದು ಮಾಡಿದ ಸ್ಮೆನ್ ಎಂಬ ಬೆಣ್ಣೆಗೆ ಮರ್ಯಾದೆ ಹೆಚ್ಚು. ನಮ್ಮ ಆಯುರ್ವೇದದಲ್ಲಿ ಹತ್ತು ವರ್ಷ ಹಳೆಯ ತುಪ್ಪಕ್ಕೆ ಪುರಾಣಘೃತವೆಂದು ಹೆಸರು. ಅದರ ಉಗ್ರ ವಾಸನೆಯನ್ನು ಗ್ರಂಥಗಳೇ ಒಪ್ಪಿಕೊಂಡಿವೆ. ಆದರೆ ಅದು ಔಷಧದ ಮಾತು, ದೋಸೆಗೆ ಸವರಿಕೊಳ್ಳಲು ಯಾರೂ ಹೇಳಿಲ್ಲ. ಇನ್ನೊಂದು ತುದಿಯಲ್ಲಿ ಆಲಿವ್ ಎಣ್ಣೆಯವರಿದ್ದಾರೆ. ಅಂತರರಾಷ್ಟ್ರೀಯ ಆಲಿವ್ ಮಂಡಳಿಯ ಕ್ರಮದಂತೆ ತರಬೇತಾದ ರುಚಿಗಾರರ ಗುಂಪು ಎಣ್ಣೆಯನ್ನು ಮೂಸಿ, ಸವಿದು ಅಂಕ ಹಾಕುತ್ತದೆ. ಅವರು ಕಮಟನ್ನು ಕಂಡುಹಿಡಿದರೆ ಆ ಎಣ್ಣೆಗೆ ಎಕ್ಸ್‌ಟ್ರಾ ವರ್ಜಿನ್ ಎಂಬ ಪಟ್ಟ ತಪ್ಪಿತು. ಎಷ್ಟು ಯಂತ್ರಗಳು ಬಂದರೂ ಕೊನೆಯ ತೀರ್ಪಿನಲ್ಲಿ ಮನುಷ್ಯನ ಮೂಗಿಗೆ ಜಾಗ ಉಳಿದಿದೆ.

ಕಮಟು ತಿಂದರೆ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಒಂದು ಕಮಟು ಗೋಡಂಬಿ ತಿಂದವರಿಗೆ ಏನೂ ಆಗುವುದಿಲ್ಲ, ಬಾಯಿ ಕೆಡುತ್ತದೆ ಅಷ್ಟೆ. ದಿನವೂ ಅದೇ ಎಣ್ಣೆಯಲ್ಲಿ ಅಡುಗೆಯಾದರೆ ಎ ಮತ್ತು ಇ ಜೀವಸತ್ವಗಳು ನಾಶವಾಗಿರುತ್ತವೆ, ಹೊಟ್ಟೆಗೂ ಹಿತವಲ್ಲ. ಕಡಲೆಕಾಯಿಯ ವಿಷಯದಲ್ಲಿ ಮಾತ್ರ ಹೆಚ್ಚು ಎಚ್ಚರ ಬೇಕು. ಕಮಟು ಬೇರೆ, ಬೂಷ್ಟು ಬೇರೆ. ಬೂಷ್ಟು ಹಿಡಿದ, ಮುರುಟಿದ, ಬಣ್ಣಗೆಟ್ಟ ಬೀಜದಲ್ಲಿ ಅಫ್ಲಾಟಾಕ್ಸಿನ್ ಇರಬಹುದು. ಅದು ಯಕೃತ್ತಿಗೆ ವಿಷ, ಹುರಿದರೂ ಪೂರ್ತಿ ಹೋಗುವುದಿಲ್ಲ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದಕ್ಕೂ ಕಾನೂನು ಗೆರೆ ಎಳೆದಿದೆ. ಎಣ್ಣೆ ಕೆಟ್ಟಷ್ಟೂ ಹೆಚ್ಚುವ ಧ್ರುವೀಯ ಸಂಯುಕ್ತಗಳು ನೂರಕ್ಕೆ 25 ದಾಟಿದರೆ ಅಂಥ ಎಣ್ಣೆಯನ್ನು ಹೋಟೆಲು, ಅಂಗಡಿಗಳು ಬಳಸಬಾರದೆಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಬಾಣಲೆಯಲ್ಲಿ ಎಣ್ಣೆ ಕಪ್ಪಾಗಿ, ಮಂದವಾಗಿ, ಬಜ್ಜಿ ಬಿಡುವ ಮೊದಲೇ ನೊರೆ ಕಟ್ಟಿ ಹೊಗೆಯಾಡುತ್ತಿದ್ದರೆ ಆ ಅಂಗಡಿ ದಾಟಿ ಮುಂದಕ್ಕೆ ಹೋಗಿ.

ಚಿಪ್ಸಿನ ಪೊಟ್ಟಣದಲ್ಲಿ ಬರೀ ಗಾಳಿ ತುಂಬಿ ಮೋಸ ಮಾಡುತ್ತಾರೆ ಎಂಬ ದೂರು ಆಗಾಗ ಕೇಳುತ್ತೇವೆ. ತೂಕದ ಬಗ್ಗೆ ಜಗಳವಾಡಿ, ಬೇಡವೆನ್ನುವುದಿಲ್ಲ. ಆದರೆ ಒಳಗಿರುವುದು ನೈಟ್ರೋಜನ್. ತೆಳ್ಳಗೆ ಹೆಚ್ಚಿ ಕರಿದ ತಿಂಡಿಯ ಮೈ ಪೂರ್ತಿ ಎಣ್ಣೆ ಹರಡಿಕೊಂಡಿರುತ್ತದೆ, ಆಮ್ಲಜನಕ ತಾಗದಂತೆ ಮಾಡಿದ ಏರ್ಪಾಡು ಅದು. ನಿಮ್ಮ ಮನೆಯ ಚಕ್ಕುಲಿ ಡಬ್ಬಿಗೆ ನೈಟ್ರೋಜನ್ ತುಂಬಲಾಗುವುದಿಲ್ಲ, ಅದನ್ನು ಬೇಗ ತಿಂದು ಮುಗಿಸಿ.

ಇನ್ನು ಮನೆಯಲ್ಲಿ ಮಾಡಬೇಕಾದದ್ದು. ಕಿಟಕಿಯ ಬಿಸಿಲಿಗೂ ಒಲೆಯ ಕಾವಿಗೂ ಎದುರಾಗಿ ಗಾಜಿನ ಬಾಟಲಿಯಲ್ಲಿ ಹೊಳೆಯುವ ಎಣ್ಣೆ ನೋಡಲು ಚೆಂದ, ಅದಕ್ಕಿಂತ ಕೆಟ್ಟ ಜಾಗ ಎಣ್ಣೆಗೆ ಇನ್ನೊಂದಿಲ್ಲ. ಅಜ್ಜಿಯರ ಕಾಲದ ಪಿಂಗಾಣಿ ಜಾಡಿ ಬೆಳಕನ್ನೂ ಬಿಡುತ್ತಿರಲಿಲ್ಲ, ಲೋಹವನ್ನೂ ತಾಗಿಸುತ್ತಿರಲಿಲ್ಲ. ಕಲಾಯಿಯಿಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಎಣ್ಣೆ ತುಪ್ಪ ಇಡಬೇಡಿ. ಗಾಣದ ಎಣ್ಣೆ ರುಚಿ, ನನಗೂ ಇಷ್ಟ. ಆದರೆ ಅದು ಕೆಡುವುದೇ ಇಲ್ಲ ಎಂದು ಮಾರುವವರ ಮಾತು ನಂಬಬೇಡಿ. ಅದರ ತಳದ ಮಡ್ಡಿಯಲ್ಲಿ ತೇವ ಇರುತ್ತದೆ, ಸೋಸಿಕೊಂಡು ಸ್ವಲ್ಪವೇ ಕೊಳ್ಳಿ. ಕಮಟು ಹಿಡಿದ ಎಣ್ಣೆಯನ್ನು ದೇವರ ದೀಪಕ್ಕೆ ಹಾಕುವ ರೂಢಿ ಅನೇಕ ಮನೆಗಳಲ್ಲಿದೆ. ದೇವರು ತಕರಾರು ಮಾಡುವುದಿಲ್ಲ, ಸರಿ. ಮನೆಗೆಲಸದವರಿಗೆ ಕೊಡುವ ರೂಢಿಯಂತೂ ನಿಲ್ಲಬೇಕು. ನಾವು ತಿನ್ನಲಾಗದ್ದನ್ನು ಅವರ ಮಕ್ಕಳೂ ತಿನ್ನಬಾರದು. ಸೋಪು ಮಾಡುವವರಿಗೆ ಕೊಡಿ, ಅವರಿಗೆ ಕಮಟಿನಿಂದ ಅಷ್ಟು ತೊಂದರೆಯಿಲ್ಲ. ಸಿಂಕಿಗೆ ಮಾತ್ರ ಸುರಿಯಬೇಡಿ, ಕೊಳವೆಯೊಳಗೂ ಅದೇ ಅಂಟು ಕಟ್ಟುತ್ತದೆ.

ಕೊನೆಯದಾಗಿ ಒಂದು ಮಾತು. ಪೊಟ್ಟಣದ ಮೇಲೆ ಅಚ್ಚಾದ ತಾರೀಖು ಸೀಲು ಒಡೆಯದ ಪೊಟ್ಟಣಕ್ಕೆ ಸಂಬಂಧಪಟ್ಟದ್ದು. ಒಡೆದ ದಿನದಿಂದ ಲೆಕ್ಕ ಬೇರೆ. ಒಡೆದ ದಿನವನ್ನು ಪೆನ್ನಿನಲ್ಲಿ ಡಬ್ಬಿಯ ಮೇಲೆ ಬರೆದಿಡಿ, ಮೂರು ನಾಲ್ಕು ಜನರ ಮನೆಯಾದರೆ ಐದು ಲೀಟರಿನ ಡಬ್ಬಿ ಬಿಟ್ಟು ಒಂದು ಲೀಟರಿನದನ್ನೇ ತನ್ನಿ.